ಒಂದೇ ಹೆಸರಿನ ನಾಲ್ಕು ಆಲ್ಬಂಗಳು

ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ಕಾಲದಲ್ಲಿ ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡುಗಳನ್ನು ತುಂಬಿಸಿಕೊಡುವ ಒಂದು ಪುಟ್ಟ ಅಂಗಡಿಯಿತ್ತು. ಅದು ಕಾನೂನು ಒಪ್ಪುವ ವ್ಯಾಪಾರವಾಗಿರಲಿಲ್ಲ ಎಂಬುದು ಈಗ ತಿಳಿಯುತ್ತದೆ. ಆಗ ನಮ್ಮಂಥವರಿಗೆ ಇಂಗ್ಲಿಷ್ ಹಾಡುಗಳು ಸಿಗುತ್ತಿದ್ದ ದಾರಿ ಅದೊಂದೇ ಆಗಿತ್ತು. ಹಾಸ್ಟೆಲಿನ ಗೆಳೆಯನೊಬ್ಬನ ಕೋಣೆಯಲ್ಲಿ ಬೆಟ್ಟವೊಂದರ ಕುರಿತ ಹಾಡನ್ನು ಕೇಳಿದ್ದ ನಾನು, ಹಾಡಿದವನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಪೀಟರ್ ಗೇಬ್ರಿಯಲ್ ಎಂಬ ಗಾಯಕನ ‘ಪೀಟರ್ ಗೇಬ್ರಿಯಲ್’ ಎಂಬ ಆಲ್ಬಂ ಬೇಕೆಂದು ಕೇಳಿದೆ. ಒಂದು ವಾರ ಬಿಟ್ಟು ಕ್ಯಾಸೆಟ್ ಕೈಗೆ ಬಂತು. ಹಾಕಿ ಕೇಳಿದರೆ ಬೆಟ್ಟದ ಹಾಡೇ ಅದರಲ್ಲಿರಲಿಲ್ಲ. ಅದರ ಬದಲು ಕತ್ತಲಲ್ಲಿ ಯಾರೋ ಬಾಗಿಲು ಒಡೆಯುತ್ತಿರುವಂಥ ಡ್ರಮ್ಮಿನ ಸದ್ದು, ನಡುನಡುವೆ ಪಿಸುಮಾತು, ಶಿಳ್ಳೆ. ಜಗಳಕ್ಕೆಂದೇ ಮರಳಿ ಹೋದಾಗ ಅಂಗಡಿಯಾತ ಎಲ್‌ಪಿಯ ಹೊದಿಕೆಯನ್ನೇ ಎತ್ತಿ ತೋರಿಸಿ, “ನೀವು ಕೇಳಿದ್ದು ಇದೇ ತಾನೇ ಸಾರ್, ಹೆಸರು ಓದ್ಕೊಳ್ಳಿ” ಎಂದ. ಹೆಸರು ಅದೇ ಆಗಿತ್ತು.

ತಪ್ಪು ಅವನದೂ ಅಲ್ಲ, ನನ್ನದೂ ಅಲ್ಲ. ಗೇಬ್ರಿಯಲ್ 1977, 1978, 1980 ಮತ್ತು 1982ರಲ್ಲಿ ತಂದ ಮೊದಲ ನಾಲ್ಕು ಆಲ್ಬಂಗಳಿಗೂ ತನ್ನ ಹೆಸರನ್ನು ಬಿಟ್ಟು ಬೇರೆ ಶೀರ್ಷಿಕೆಯನ್ನೇ ಕೊಡಲಿಲ್ಲ. ಪತ್ರಿಕೆಯೊಂದಕ್ಕೆ ಪ್ರತಿ ತಿಂಗಳೂ ಹೊಸ ಹೆಸರಿಡುವುದಿಲ್ಲವಲ್ಲ, ಸಂಚಿಕೆಯಷ್ಟೇ ಬದಲಾಗುತ್ತದೆ. ಆಲ್ಬಂಗಳೂ ಹಾಗೆಯೇ ಇರಲಿ ಎಂಬುದು ಆತನ ವಾದವಾಗಿತ್ತು. ಅಭಿಮಾನಿಗಳು ಹೊದಿಕೆಯ ಚಿತ್ರಗಳನ್ನು ನೋಡಿ ತಾವೇ ಅಡ್ಡಹೆಸರು ಕಟ್ಟಿಕೊಂಡರು: ಮಳೆಹನಿ ತುಂಬಿದ ಮೋಟಾರಿನ ಚಿತ್ರವಿದ್ದ ಮೊದಲನೆಯದು ‘ಕಾರ್’, ಉಗುರಿನಿಂದ ಹೊದಿಕೆಯನ್ನೇ ಪರಚಿದಂತಿದ್ದ ಎರಡನೆಯದು ‘ಸ್ಕ್ರ್ಯಾಚ್’, ಅರ್ಧ ಮುಖ ಮೇಣದಂತೆ ಕರಗಿದ್ದ ಮೂರನೆಯದು ‘ಮೆಲ್ಟ್’. ನಾಲ್ಕನೆಯದಕ್ಕೆ ಅಮೆರಿಕದ ಕಂಪನಿ ಪಟ್ಟು ಹಿಡಿದು ‘ಸೆಕ್ಯುರಿಟಿ’ ಎಂಬ ಹೆಸರನ್ನು ಅಂಟಿಸಿತು. ಕೊನೆಗೆ ನಮ್ಮ ಅಂಗಡಿಯಾತನೂ ಸೋತು, ತೊಂಬತ್ತು ನಿಮಿಷದ ಆ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಮೂರನೆಯ ಆಲ್ಬಂ ಹಾಗೆಯೇ ಇರಲೆಂದು, ಇನ್ನೊಂದು ಬದಿಗೆ ಮೊದಲನೆಯದನ್ನು ತುಂಬಿಸಿಕೊಟ್ಟ. ಒಬ್ಬ ಗಾಯಕ ಮೂರು ವರ್ಷಗಳಲ್ಲಿ ಎಷ್ಟು ದೂರ ನಡೆಯಬಹುದು ಎಂಬುದನ್ನು ಕ್ಯಾಸೆಟ್ ಮಗುಚಿ ಮಗುಚಿ ಕೇಳುವ ಅವಕಾಶ ಹೀಗೆ ಆಕಸ್ಮಿಕವಾಗಿ ಒದಗಿತು. (1950ರಲ್ಲಿ ಹುಟ್ಟಿದ ಹಿರಿಯನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ. ಹಾಸ್ಟೆಲಿನಲ್ಲಿ ರೂಢಿಯಾದದ್ದು, ನಾಲಿಗೆ ಬಿಡುತ್ತಿಲ್ಲ.)

ಗೇಬ್ರಿಯಲ್ ಹಾಡತೊಡಗಿದ್ದು ಜೆನೆಸಿಸ್ ಎಂಬ ತಂಡದಲ್ಲಿ. ಇಂಗ್ಲೆಂಡಿನ ಚಾರ್ಟರ್‌ಹೌಸ್ ಶಾಲೆಯ ಹುಡುಗರು 1967ರಲ್ಲಿ ಕಟ್ಟಿಕೊಂಡ ತಂಡ ಅದು. ಇಪ್ಪತ್ತು ನಿಮಿಷಕ್ಕೂ ಮೀರುವ ಹಾಡುಗಳು, ಪುರಾಣದಂಥ ಕಥೆಗಳು, ವೇದಿಕೆಯ ಮೇಲೆ ಬಗೆಬಗೆಯ ವೇಷಗಳು. 1972ರಲ್ಲಿ ಡಬ್ಲಿನ್ ನಗರದ ಕಾರ್ಯಕ್ರಮವೊಂದರಲ್ಲಿ ಆತ ಹೆಂಡತಿಯ ಕೆಂಪು ಉಡುಪನ್ನು ತೊಟ್ಟು, ತಲೆಗೆ ನರಿಯ ಮುಖವಾಡ ಹಾಕಿಕೊಂಡು, ತಂಡದ ಉಳಿದವರಿಗೂ ಹೇಳದೆ ವೇದಿಕೆಗೆ ಬಂದದ್ದು ಆ ಕಾಲದ ದೊಡ್ಡ ಸುದ್ದಿಯಾಯಿತು. ಈ ಘಟ್ಟದ ಹಾಡುಗಳನ್ನು ಮೆಚ್ಚುವವರು ಬಹಳ ಮಂದಿ ಇದ್ದಾರೆ. ನನಗೆ ಮಾತ್ರ ಅವು ವೇಷ ಕಟ್ಟುವುದರಲ್ಲೇ ಇರುಳು ಕಳೆದುಹೋದ ಬಯಲಾಟದಂತೆ ಕಾಣುತ್ತವೆ. 1975ರಲ್ಲಿ, ತಂಡ ಏರುಮುಖದಲ್ಲಿದ್ದಾಗಲೇ, ಗೇಬ್ರಿಯಲ್ ಅದನ್ನು ಬಿಟ್ಟ. ಡ್ರಮ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸ್ ಅವನ ಜಾಗದಲ್ಲಿ ಹಾಡಲು ನಿಂತ.

ಹಾಗೆ ಬಿಟ್ಟು ಬಂದ ಮನಸ್ಸಿನ ಹಾಡೇ ನಾನು ಹುಡುಕುತ್ತಿದ್ದ ‘ಸಾಲ್ಸ್‌ಬರಿ ಹಿಲ್’. ಬಾತ್ ಪಟ್ಟಣದ ಬದಿಯಲ್ಲಿರುವ ಪುಟ್ಟ ಗುಡ್ಡ ಅದು. ಚಾಮುಂಡಿ ಬೆಟ್ಟವನ್ನು ಕಂಡವರಿಗೆ ದಿಣ್ಣೆ ಎನಿಸಬಹುದು. ಆ ಹಾಡನ್ನು ನಾನು ಸರಿಯಾಗಿ ಕೇಳಲು ಕಲಿತದ್ದು ನಮ್ಮ ಸೋದರಮಾವನಿಂದ. ಮಾವ ಅಗ್ರಹಾರದ ಮನೆಯಲ್ಲಿದ್ದರು, ಗಣಪತಿ ಉತ್ಸವ ಮತ್ತು ರಾಮನವಮಿಯ ಕಛೇರಿಗಳಿಗೆ ಮೃದಂಗ ನುಡಿಸುತ್ತಿದ್ದರು, ಇಂಗ್ಲಿಷ್ ಹಾಡೆಂದರೆ ಮೂಗು ಮುರಿಯುತ್ತಿದ್ದರು. ಒಂದು ಭಾನುವಾರ ಅವರ ಮನೆಯ ಹಜಾರದಲ್ಲಿ ನಾನು ಟೇಪ್ ರೆಕಾರ್ಡರ್ ಹಾಕಿಕೊಂಡು ಕುಳಿತಿದ್ದಾಗ ಅವರು ಆರಾಮಕುರ್ಚಿಯಲ್ಲಿ ಪತ್ರಿಕೆ ಹಿಡಿದು ಒರಗಿದ್ದರು. ಹಾಡು ಶುರುವಾಗಿ ಅರ್ಧ ನಿಮಿಷವಾಗಿರಬಹುದು, ಪತ್ರಿಕೆಯ ಹಿಂದಿನಿಂದ ಕುರ್ಚಿಯ ಕೈ ಮೇಲೆ ಬೆರಳಿನ ಸದ್ದು ಕೇಳಿಸತೊಡಗಿತು: ತಕಿಟ ತಕಧಿಮಿ, ತಕಿಟ ತಕಧಿಮಿ. ಪತ್ರಿಕೆ ಕೆಳಗಿಳಿಯಿತು. “ಏನೋ ಇದು, ನಿಮ್ಮ ದೊರೆ ಮಿಶ್ರಛಾಪು ಹಾಕ್ಕೊಂಡು ಕೂತಿದಾನಲ್ಲೋ!” ಎಂದರು.

ಅಲ್ಲಿಯವರೆಗೆ ನನಗೆ ಆ ಹಾಡಿನಲ್ಲಿ ಏನೋ ಮುಂದಕ್ಕೆ ಮುಗ್ಗರಿಸುವ ಗುಣವಿದೆ ಎಂಬುದಷ್ಟೇ ಗೊತ್ತಿತ್ತು. ಪಾಪ್ ಮತ್ತು ರಾಕ್ ಹಾಡುಗಳು ಸಾಮಾನ್ಯವಾಗಿ ನಾಲ್ಕರ ಎಣಿಕೆಯಲ್ಲಿ ನಡೆಯುತ್ತವೆ. ಇದು ನಮ್ಮ ಮಿಶ್ರಛಾಪು ತಾಳದಂತೆ ಏಳರಲ್ಲಿ ನಡೆಯುತ್ತದೆ. ಎಂಟನೆಯ ಅಕ್ಷರಕ್ಕೆಂದು ಎತ್ತಿದ ಹೆಜ್ಜೆ ನೆಲ ಸಿಗುವ ಮೊದಲೇ ಮುಂದಿನ ಆವರ್ತ ಶುರುವಾಗಿಬಿಡುತ್ತದೆ. ಇದ್ದ ಕೆಲಸ ಬಿಟ್ಟು ಗುಡ್ಡ ಹತ್ತಿದವನ ಉಸಿರು ಹಾಗಲ್ಲದೆ ಇನ್ನು ಹೇಗಿರಬೇಕು? ಪಲ್ಲವಿಯ ಕೊನೆಗೆ ಬಂದಾಗ ಮಾವ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿ, “ಇಲ್ಲಿ ನೋಡು, ನಾಲ್ಕಕ್ಕೆ ಇಳಿದ... ಮತ್ತೆ ಏಳಕ್ಕೆ ಬಂದ” ಎಂದು ತೋರಿಸಿಕೊಟ್ಟರು. ಮಾವನಿಗೆ ಆ ಇಂಗ್ಲಿಷಿನ ಒಂದು ಪದವೂ ಅರ್ಥವಾಗಿರಲಿಲ್ಲ. ಮುಗಿದ ಮೇಲೆ ತೀರ್ಪನ್ನೂ ಕೊಟ್ಟರು: “ಲೆಕ್ಕ ಸರಿಯಾಗಿದೆ, ಶ್ರುತಿನೂ ಪರವಾಗಿಲ್ಲ. ಕೊನೇಲಿ ಅದ್ಯಾಕೆ ಹಾಗೆ ಕಿರುಚ್ತಾನೆ?”

ಎರಡನೆಯ ಆಲ್ಬಂ ಅನ್ನು ಗಿಟಾರ್ ವಾದಕ ರಾಬರ್ಟ್ ಫ್ರಿಪ್ ನಿರ್ಮಿಸಿದ್ದು ಬಿಟ್ಟರೆ ಅದರ ಬಗ್ಗೆ ನನಗೆ ಹೇಳುವುದು ಹೆಚ್ಚಿಲ್ಲ. ಮೂರನೆಯದರಲ್ಲಿ ಗೇಬ್ರಿಯಲ್ ಮತ್ತೆ ಒಂದನ್ನು ಬಿಟ್ಟ, ಮತ್ತು ಈ ಸಲ ಬಿಟ್ಟದ್ದು ತನಗಿಂತ ಹೆಚ್ಚಾಗಿ ಡ್ರಮ್ ನುಡಿಸುವವರನ್ನು ಕಾಡುವಂಥದ್ದಾಗಿತ್ತು: ಈ ಆಲ್ಬಂನಲ್ಲಿ ಸಿಂಬಲ್‌ಗಳೇ ಕೂಡದು ಎಂಬ ಕಟ್ಟಳೆ ಹಾಕಿದ. ಡ್ರಮ್ಮುಗಳ ನಡುವೆ ಕಂಬಕ್ಕೆ ಸಿಕ್ಕಿಸಿರುವ ಹಿತ್ತಾಳೆಯ ಆ ತಟ್ಟೆಗಳು ರಾಕ್ ಸಂಗೀತದಲ್ಲಿ ಹಾಡಿನ ಮೇಲ್ಪದರವನ್ನೆಲ್ಲ ಝಣಝಣ ಎಂದು ತುಂಬಿಬಿಡುತ್ತವೆ. ಭಜನೆಯಿಂದ ತಾಳವನ್ನು ತೆಗೆದಿಟ್ಟರೆ ಹೇಗೋ ಹಾಗೆ, ತಟ್ಟೆಗಳು ಹೋದ ಕೂಡಲೇ ಮೇಲೆ ಒಂದು ದೊಡ್ಡ ಖಾಲಿ ಜಾಗ ಉಳಿಯಿತು. ಹಳೆಯ ಗೆಳೆಯ ಕಾಲಿನ್ಸನೇ ಆ ಆಲ್ಬಂನ ಕೆಲವು ಹಾಡುಗಳಿಗೆ ಡ್ರಮ್ ನುಡಿಸಲು ಬಂದಿದ್ದ.

ಮುಂದಿನದು ಧ್ವನಿಮುದ್ರಣದ ಇತಿಹಾಸದಲ್ಲಿ ಸೇರಿಹೋಗಿರುವ ಸಂಗತಿ. ಲಂಡನ್ನಿನ ಆ ಸ್ಟುಡಿಯೋದಲ್ಲಿ, ಒಳಗಿರುವ ವಾದಕರು ಗಾಜಿನಾಚೆಯ ಎಂಜಿನಿಯರನೊಂದಿಗೆ ಮಾತನಾಡಲೆಂದು ಒಂದು ಮೈಕ್ ಇತ್ತು. ಮೂಲೆಯಲ್ಲಿ ಮೆಲ್ಲಗೆ ಮಾತನಾಡಿದರೂ ಕೇಳಿಸಲೆಂದು ಅದರ ಸರ್ಕಿಟ್ಟು ಸಣ್ಣ ಸದ್ದನ್ನು ಹಿಗ್ಗಿಸಿ ದೊಡ್ಡದನ್ನು ಹಿಂಡುವಂತಿತ್ತು. ಕಾಲಿನ್ಸ್ ಡ್ರಮ್ ಬಾರಿಸುತ್ತಿದ್ದಾಗ ಆ ಮೈಕ್ ತೆರೆದಿದ್ದು, ಹ್ಯೂ ಪ್ಯಾಡ್‌ಗಮ್ ಎಂಬ ಎಂಜಿನಿಯರನ ಕಿವಿಗೆ ಇಡೀ ಕೋಣೆಯೇ ಗುಡುಗಿದಂಥ ಸದ್ದು ಬಂತು. ಆ ಸದ್ದು ತಾನಾಗಿ ಆರುವ ಮೊದಲೇ ಅದನ್ನು ಕತ್ತರಿಸುವ ಉಪಕರಣವೊಂದನ್ನೂ ಅದಕ್ಕೆ ಜೋಡಿಸಿದರು. ದೇವಸ್ಥಾನದ ಪ್ರಾಕಾರದಲ್ಲಿ ನಗಾರಿ ಬಾರಿಸಿದರೆ ಏಟಿನ ನಂತರವೂ ಕಲ್ಲಿನಿಂದ ಕಲ್ಲಿಗೆ ಗುಂಯ್‌ಗುಡುವ ಅನುರಣನವೊಂದು ಉಳಿಯುತ್ತದಲ್ಲ, ಆ ಅನುರಣನ ಮೈತುಂಬಿಕೊಂಡ ಕ್ಷಣದಲ್ಲೇ ಯಾರೋ ದಢಾರನೆ ಬಾಗಿಲು ಮುಚ್ಚಿದರೆ ಹೇಗೆ ಕೇಳಿಸುತ್ತದೆಯೋ ಹಾಗೆ. ಸಿಂಬಲ್‌ಗಳಿದ್ದಿದ್ದರೆ ಅವುಗಳ ಝಣತ್ಕಾರವೂ ಆ ಹಿಂಡುವಿಕೆಯಲ್ಲಿ ಸಿಕ್ಕಿಕೊಂಡು ಎಲ್ಲವೂ ರಾಡಿಯಾಗುತ್ತಿತ್ತು. ಬಿಟ್ಟುಕೊಟ್ಟದ್ದರಿಂದಲೇ ಈ ಸದ್ದಿಗೆ ಜಾಗ ಸಿಕ್ಕಿತು. ಎಂಬತ್ತರ ದಶಕದ ಪಾಪ್ ಹಾಡುಗಳನ್ನೆಲ್ಲ ಆಳಿದ ಡ್ರಮ್ಮಿನ ಸದ್ದು ಇದೇ. ಬಾಗಿಲು ಒಡೆಯುವವರಿದ್ದಾರೆಂದು ನಾನು ಹೆದರಿದ್ದೂ ಇದಕ್ಕೇ.

ಇದನ್ನು ಕೇಳಿದ ಅಮೆರಿಕದ ಅಟ್ಲಾಂಟಿಕ್ ಕಂಪನಿ ಆಲ್ಬಂ ಬಿಡುಗಡೆ ಮಾಡಲು ಒಪ್ಪಲಿಲ್ಲ; ಅಲ್ಲಿ ಅದು ಬೇರೆ ಕಂಪನಿಯಿಂದ ಹೊರಬಂತು, ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೂ ಏರಿತು. ಒಬ್ಬರ ಸಂಗೀತ ಮುದ್ರಣವಾಗಿ ಉಳಿಯುವುದೋ ಇಲ್ಲವೋ ಎಂಬುದು ಹಣ ಹಾಕುವವರ ಕಿವಿಯನ್ನು ಅವಲಂಬಿಸಿರುವುದು ಹೊಸ ಮಾತಲ್ಲ. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಅವರದೇ ಪಿಯಾನೋ ವಾದನದಲ್ಲಿ ಇಂದು ಕೇಳಸಿಗುವುದಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು ಎಂಬುದನ್ನು ಇಲ್ಲಿ ನೆನೆಯದೆ ಇರಲಾರೆ.

ಆ ಮೂರನೆಯ ಆಲ್ಬಂನ ಕೊನೆಯ ಹಾಡು ‘ಬಿಕೋ’. ದಕ್ಷಿಣ ಆಫ್ರಿಕದ ವರ್ಣಭೇದದ ವಿರುದ್ಧ ಹೋರಾಡಿದ ಸ್ಟೀವ್ ಬಿಕೋ 1977ರ ಸೆಪ್ಟೆಂಬರ್ 12ರಂದು ಪೊಲೀಸರ ವಶದಲ್ಲಿದ್ದಾಗ ಸತ್ತರು. ಹಾಡಿನ ಆರಂಭದಲ್ಲೂ ಕೊನೆಯಲ್ಲೂ ದಕ್ಷಿಣ ಆಫ್ರಿಕದ ಜನರ ಹಾಡುಗಾರಿಕೆಯ ಮುದ್ರಣವಿದೆ. ನಡುವೆ ಒಂದೇ ಸಮನೆ ನಡೆಯುವ ಡ್ರಮ್ಮು. ಅಲ್ಲಿಯವರೆಗೆ ತನ್ನ ಮನಸ್ಸಿನ ಕತ್ತಲೆಯನ್ನೇ ಹಾಡುತ್ತಿದ್ದವನು ಮೊದಲ ಬಾರಿಗೆ ಹೊರಗಿನ ಲೋಕವನ್ನು ಹಾಡಿದ. ಇದಾದ ಮೇಲೆ ಆತನ ಕಿವಿ ಆಫ್ರಿಕದ ಕಡೆಗೆ, ಏಷ್ಯದ ಕಡೆಗೆ ತೆರೆದುಕೊಂಡಿತು. ಈ ಆಲ್ಬಂ ಮತ್ತು ಮುಂದಿನದು, ಎರಡನ್ನೂ ಆತ ಜರ್ಮನ್ ಭಾಷೆಯಲ್ಲಿ ಮತ್ತೆ ಹಾಡಿ ಬೇರೆಯೇ ಆಲ್ಬಂಗಳಾಗಿ ತಂದ. ಕನ್ನಡ ಬಾರದವರು ಕನ್ನಡ ಹಾಡುವುದನ್ನು ನಿತ್ಯ ಕೇಳುವ ನಮಗೆ ಇದು ಬೆರಗಿನ ವಿಷಯವಲ್ಲವಾದರೂ, ಇಂಗ್ಲಿಷಿನಲ್ಲಿ ಹಾಡುವವರು ಆ ಕಷ್ಟಕ್ಕೆ ಇಳಿಯುವುದು ಅಪರೂಪ.

1982ರಲ್ಲಿ ಆತ ಗೆಳೆಯರೊಡನೆ ಸೇರಿ ‘ವೋಮ್ಯಾಡ್’ ಎಂಬ ಉತ್ಸವವನ್ನು ಶೆಪ್ಟನ್ ಮ್ಯಾಲೆಟ್ ಎಂಬಲ್ಲಿ ಏರ್ಪಡಿಸಿದ. ನಾನಾ ದೇಶಗಳ ಸಂಗೀತಗಾರರು ಬಂದರು, ಸಂಗೀತ ಚೆನ್ನಾಗಿಯೇ ಆಯಿತು, ಲೆಕ್ಕ ಮಾತ್ರ ಮುಳುಗಿತು. ಸಾಲಗಾರರು ಬೆನ್ನು ಹತ್ತಿದಾಗ ಕೈಹಿಡಿದವರು, ಏಳು ವರ್ಷಗಳ ಹಿಂದೆ ಆತ ಬಿಟ್ಟುಬಂದಿದ್ದ ಜೆನೆಸಿಸ್ ತಂಡದವರೇ. ಅದೇ ವರ್ಷದ ಅಕ್ಟೋಬರ್ 2ರಂದು ಮಿಲ್ಟನ್ ಕೀನ್ಸ್‌ನಲ್ಲಿ, ಸುರಿಯುವ ಮಳೆಯಲ್ಲಿ, ಎಲ್ಲರೂ ಒಂದು ರಾತ್ರಿಯ ಮಟ್ಟಿಗೆ ಮತ್ತೆ ಒಟ್ಟಾಗಿ ನುಡಿಸಿ ಸಾಲ ತೀರಿಸಲು ನೆರವಾದರು. ತಂಡಗಳು ಒಡೆದ ಮೇಲೆ ಮುಖ ನೋಡದವರ ಕಥೆಗಳೇ ಹೆಚ್ಚು ಕೇಳಿಬರುವ ಕಾರಣ ನನಗೆ ಇದು ಯಾವಾಗಲೂ ಇಷ್ಟದ ಪ್ರಸಂಗ.

1986ರಲ್ಲಿ ಬಂದ ಐದನೆಯ ಆಲ್ಬಂಗೆ ಕಂಪನಿಯ ಒತ್ತಾಯಕ್ಕೆ ಮಣಿದು ಕೊನೆಗೂ ಹೆಸರಿಟ್ಟ, ಅದೂ ಒಂದೇ ಅಕ್ಷರದ್ದು: ‘ಸೋ’. ಡ್ಯಾನಿಯಲ್ ಲನ್ವಾ ಜೊತೆಗೂಡಿ ನಿರ್ಮಿಸಿದ ಈ ಆಲ್ಬಂ ಆತನನ್ನು ಲೋಕಪ್ರಸಿದ್ಧನನ್ನಾಗಿಸಿತು. ‘ಸ್ಲೆಡ್ಜ್‌ಹ್ಯಾಮರ್’ ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಾಗ ಅದು ಕೆಳಗಿಳಿಸಿದ ಹಾಡು ಜೆನೆಸಿಸ್‌ನದೇ ಆಗಿತ್ತು. ಅದರ ವಿಡಿಯೋ ಚಿತ್ರೀಕರಣಕ್ಕೆ ಆತ ಹದಿನಾರು ಗಂಟೆ ಗಾಜಿನ ಹಾಳೆಯ ಕೆಳಗೆ ಮಲಗಿದ್ದ; ಮೇಲೆ ಹಣ್ಣು, ಮೀನು, ಮಣ್ಣಿನ ಬೊಂಬೆಗಳನ್ನಿಟ್ಟು ಒಂದೊಂದೇ ಚೌಕಟ್ಟಾಗಿ ಚಿತ್ರ ತೆಗೆದರು. 1987ರ ಎಂಟಿವಿ ಸಮಾರಂಭದಲ್ಲಿ ಅದಕ್ಕೆ ಒಂಬತ್ತು ಪ್ರಶಸ್ತಿಗಳು ಬಂದವು. ಮೈಸೂರಿನಲ್ಲಿದ್ದ ನಾನು ಅದನ್ನು ನೋಡಿದ್ದು ತೊಂಬತ್ತರ ದಶಕದಲ್ಲಿ, ನಮ್ಮ ಬೀದಿಗೆ ಕೇಬಲ್ ಬಂದ ಮೇಲೆ, ಪಕ್ಕದ ಮನೆಯವರ ಟಿವಿಯಲ್ಲಿ. ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ‘ಇನ್ ಯುವರ್ ಐಸ್’ ಹಾಡಿನ ಕೊನೆಯಲ್ಲಿ ಸೆನೆಗಲ್ ದೇಶದ ಯೂಸು ಎನ್‌ಡೂರ್ ತನ್ನ ವೋಲೊಫ್ ಭಾಷೆಯಲ್ಲಿ ಎತ್ತರಕ್ಕೆ ಏರಿಹೋಗುವ ಗಳಿಗೆ. ಹಾಡಿನ ಒಡೆಯ ಅಲ್ಲಿ ತನ್ನ ಹಾಡನ್ನೇ ಅತಿಥಿಗೆ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿಯುತ್ತಾನೆ.

ಇಂಥ ಗೆಲುವಿನ ಮೇಲೆ ಯಾರೇ ಆದರೂ ಅದೇ ಅಚ್ಚಿನ ಇನ್ನೊಂದನ್ನು ಎರಕ ಹೊಯ್ಯುತ್ತಿದ್ದರು. ಗೇಬ್ರಿಯಲ್ ಪದಗಳನ್ನೇ ಬಿಟ್ಟ. ಮಾರ್ಟಿನ್ ಸ್ಕಾರ್ಸೆಸೆ ಅವರ ಚಿತ್ರವೊಂದಕ್ಕೆ ಮಾಡಿದ ಸಂಗೀತವನ್ನು ಬೆಳೆಸಿ 1989ರಲ್ಲಿ ತಂದ ‘ಪ್ಯಾಷನ್’ ಆಲ್ಬಂನಲ್ಲಿ ಆತ ಸಾಹಿತ್ಯವಿರುವ ಹಾಡನ್ನು ಹಾಡುವುದೇ ಇಲ್ಲ. ಪಾಕಿಸ್ತಾನದ ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ ಅವರ ಆಲಾಪವಿದೆ, ಎಲ್. ಶಂಕರ್ ಅವರ ಎರಡು ಕತ್ತಿನ, ಹತ್ತು ತಂತಿಯ ಪಿಟೀಲಿದೆ. ಈ ಕ್ಯಾಸೆಟ್ಟನ್ನು ಮಾವನಿಗೆ ಕೇಳಿಸಿದಾಗ ಅವರು ಕಣ್ಣು ಮುಚ್ಚಿ ಕುಳಿತಿದ್ದು, “ಈ ಬಿಲ್ಲು ನಮ್ಮ ಕಡೆಯವರದ್ದು” ಎಂದು ತಟ್ಟನೆ ಹಿಡಿದುಬಿಟ್ಟರು. ಮೈಕ್ ಇಲ್ಲದ ದಿನಗಳಲ್ಲಿ ಸಭೆಯ ಕೊನೆಯ ಸಾಲಿಗೂ ಕೇಳಲೆಂದು ಪಿಟೀಲಿಗೆ ಏಳು ತಂತಿ ಕಟ್ಟಿದ ಚೌಡಯ್ಯನವರ ಊರಿನವರು ನಾವು. ಹತ್ತು ತಂತಿಯೆಂದರೆ ಮಾವ ಹೌಹಾರಲಿಲ್ಲ. ಗೇಬ್ರಿಯಲ್‌ನ ಎಲ್ಲ ಆಲ್ಬಂಗಳಲ್ಲಿ ಒಂದನ್ನೇ ಉಳಿಸಿಕೋ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಒಬ್ಬ ಪಾಪ್ ಗಾಯಕನ ಆಲ್ಬಂಗಳಲ್ಲಿ ಆತ ಅತಿ ಕಡಿಮೆ ಹಾಡಿರುವುದೇ ಮಿಗಿಲೆನ್ನುವುದು ವಿಚಿತ್ರವಾಗಿ ಕೇಳಿಸಬಹುದು.

ಆಮೇಲೆ ನಡಿಗೆ ನಿಧಾನವಾಯಿತು. ಬಾತ್ ಸಮೀಪದ ಬಾಕ್ಸ್ ಎಂಬ ಹಳ್ಳಿಯಲ್ಲಿ ಹಳೆಯ ನೀರುಗಿರಣಿಯೊಂದನ್ನು ಸ್ಟುಡಿಯೋ ಮಾಡಿಕೊಂಡು, ಲೋಕದ ಮೂಲೆಮೂಲೆಯ ಗಾಯಕರ ಆಲ್ಬಂಗಳನ್ನು ಅಲ್ಲಿಂದ ಹೊರತರುತ್ತ, ತನ್ನದನ್ನು ಮುಂದೂಡುತ್ತ ಹೋದ. 1992ರಲ್ಲಿ ‘ಅಸ್’ ಬಂತು, 2002ರಲ್ಲಿ ‘ಅಪ್’ ಬಂತು. ‘ಅಪ್’ ನನಗೆ ಭಾರವೆನಿಸುತ್ತದೆ. ಹತ್ತು ವರ್ಷ ಪದರದ ಮೇಲೆ ಪದರ ಬಳಿದ ಗೋಡೆಯಂತೆ, ಯಾವುದನ್ನೂ ಕೆರೆದು ತೆಗೆಯುವ ಧೈರ್ಯ ಆಗ ಇರಲಿಲ್ಲವೇನೋ. ಆ ಧೈರ್ಯ ಮರಳಿದ್ದು 2010ರಲ್ಲಿ, ಬೇರೆಯವರ ಹಾಡುಗಳನ್ನು ತಾನು ಹಾಡಿದ ‘ಸ್ಕ್ರ್ಯಾಚ್ ಮೈ ಬ್ಯಾಕ್’ ಆಲ್ಬಂನಲ್ಲಿ. ಗಿಟಾರ್ ಇಲ್ಲ, ಡ್ರಮ್ ಇಲ್ಲ ಎಂಬುದು ಅಲ್ಲಿಯ ಕಟ್ಟಳೆ. ಪಿಟೀಲು, ಚೆಲೋ, ಗಾಳಿವಾದ್ಯಗಳ ವಾದ್ಯವೃಂದ ಮತ್ತು ಪಿಯಾನೋ ಮಾತ್ರ. ಬಡಿತದ ಆಸರೆ ಹೋದ ಮೇಲೆ ಅರವತ್ತರ ಗಂಟಲು ಬಯಲಿಗೆ ಬಂತು. ನಮ್ಮ ವಿದ್ವಾಂಸರು ವಯಸ್ಸಾದಂತೆ ಶ್ರುತಿಯನ್ನು ಅರ್ಧ ಮನೆ ಇಳಿಸಿಕೊಂಡು, ಬಿರುಸಾಗಿ ಹರಿಯುವ ಬಿರ್ಕಾಗಳನ್ನು ಬಿಟ್ಟು, ಒಂದು ಸ್ವರದ ಮೇಲೆ ನಿಲ್ಲುವುದನ್ನು ಕೇಳಿದವರಿಗೆ ಇಲ್ಲಿಯ ಒರಟುತನದ ಬೆಲೆ ಬೇಗ ತಿಳಿಯುತ್ತದೆ.

‘ಅಪ್’ ಬಂದು 21 ವರ್ಷಗಳಾದ ಮೇಲೆ, 2023ರ ಡಿಸೆಂಬರ್ 1ರಂದು ‘ಐ/ಒ’ ಬಂತು. ಅದರ ಹನ್ನೆರಡು ಹಾಡುಗಳನ್ನು ಆತ ವರ್ಷವಿಡೀ, ಒಂದು ಹುಣ್ಣಿಮೆಗೆ ಒಂದರಂತೆ ಬಿಡುತ್ತ ಹೋದ. ಮೊದಲನೆಯದು ಜನವರಿ 6ರಂದು. ನಮಗೆ ಅದು ಬನದ ಹುಣ್ಣಿಮೆ. ಹೊಸ ಹಾಡು ಯಾವತ್ತು ಬರುತ್ತದೆಂದು ನೋಡಲು ನಾನು ಮೊಬೈಲ್ ತೆಗೆಯುತ್ತಿರಲಿಲ್ಲ, ದೇವರ ಕೋಣೆಯಲ್ಲಿದ್ದ ಒಂಟಿಕೊಪ್ಪಲ್ ಪಂಚಾಂಗ ತೆಗೆಯುತ್ತಿದ್ದೆ. ಆ ವರ್ಷ ಅಧಿಕ ಶ್ರಾವಣ ಬಿದ್ದಿತ್ತು, ಆಗಸ್ಟ್ ತಿಂಗಳೊಂದರಲ್ಲೇ ಎರಡು ಹುಣ್ಣಿಮೆ, ಎರಡು ಹಾಡು. ಪ್ರತಿ ಹಾಡಿಗೂ ‘ಬ್ರೈಟ್ ಸೈಡ್’, ‘ಡಾರ್ಕ್ ಸೈಡ್’ ಎಂದು ಇಬ್ಬರು ಬೇರೆ ಬೇರೆ ಎಂಜಿನಿಯರುಗಳು ಅದೇ ದನಿ, ವಾದ್ಯಗಳನ್ನು ತಮ್ಮ ತಮ್ಮ ಹದದಲ್ಲಿ ಬೆರೆಸಿ ಮಾಡಿದ ಎರಡು ಮಿಶ್ರಣಗಳಿದ್ದು, ಹುಣ್ಣಿಮೆಗೆ ಒಂದು ಬಂದರೆ ಇನ್ನೊಂದು ಅಮಾವಾಸ್ಯೆಗೆ ಬರುತ್ತಿತ್ತು. ಇದನ್ನು ಅಮ್ಮನಿಗೆ ಹೇಳಿದಾಗ, “ಅಮಾವಾಸ್ಯೆ ದಿನ ಯಾರಾದ್ರೂ ಹೊಸದು ಶುರು ಮಾಡ್ತಾರೇನೋ? ಹೇಳೋರು ಕೇಳೋರು ಇಲ್ವಾ ಅವನಿಗೆ?” ಎಂದಳು.

ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ‘ಸೋ’ ನಂತರ ಅದು ಮೊದಲ ಬಾರಿ. ಹಾಡುಗಳೂ ಒಳ್ಳೆಯವೇ, ‘ಪ್ಲೇಯಿಂಗ್ ಫಾರ್ ಟೈಮ್’ ಅಂತೂ ಪಿಯಾನೋದ ಬಳಿ ಕುಳಿತ ಮುದುಕನೊಬ್ಬ ನಮ್ಮ ಎದುರಿಗೇ ಹಾಡಿದಂತಿದೆ. ನನ್ನ ತಕರಾರು ಆ ಎರಡೆರಡು ಮಿಶ್ರಣಗಳ ಬಗ್ಗೆ. ಇಂಗ್ಲೆಂಡಿನ ಹೆಸರುವಾಸಿ ತಂಡವನ್ನು, ಆಲ್ಬಂಗಳ ಹೆಸರನ್ನು, ಸಿಂಬಲ್ಲನ್ನು, ಮಾತನ್ನು, ಡ್ರಮ್ಮನ್ನೇ ಬಿಟ್ಟವನಿಗೆ ಎರಡು ಮಿಶ್ರಣಗಳಲ್ಲಿ ಒಂದನ್ನು ಬಿಡಲು ಆಗಲಿಲ್ಲ. ಕೇಳುಗ ಆರಿಸಿಕೊಳ್ಳಲಿ ಎಂಬುದು ಉದಾರವಾಗಿ ಕಾಣಬಹುದು, ಆದರೆ ಆರಿಸುವುದು ಹಾಡಿದವನ ಕೆಲಸ. ಮಾವ ಇದ್ದಿದ್ದರೆ ಎರಡನ್ನೂ ಕೇಳಿ ಒಂದಕ್ಕೆ ಬೆರಳು ತೋರಿಸಿ, ಇನ್ನೊಂದನ್ನು ಅಟ್ಟಕ್ಕೆ ಹಾಕೆನ್ನುತ್ತಿದ್ದರು.

ಆ ಹಳೆಯ ಕ್ಯಾಸೆಟ್ ಇನ್ನೂ ನನ್ನ ಬಳಿ ಇದೆ. ಮೂರನೆಯ ಆಲ್ಬಂ 45 ನಿಮಿಷಕ್ಕೆ ತುಸು ಹೆಚ್ಚಾಗಿದ್ದರಿಂದ ತೊಂಬತ್ತರ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಅದು ಪೂರ್ತಿ ಹಿಡಿಸಿರಲಿಲ್ಲ. ‘ಬಿಕೋ’ ಹಾಡಿನ ತುದಿಯಲ್ಲಿ ಜನರ ದನಿ ಏಳುವ ಹೊತ್ತಿಗೆ ಟೇಪು ಮುಗಿದು ಗುಂಡಿ ಟಕ್ಕೆಂದು ಮೇಲೆದ್ದುಬಿಡುತ್ತಿತ್ತು. ಹಾಡಿನ ನಿಜವಾದ ಕೊನೆಯನ್ನು ನಾನು ಕೇಳಿದ್ದು ಹತ್ತು ವರ್ಷಗಳ ನಂತರ, ಸಿಡಿ ಕೊಂಡಾಗ. ಈಗ ಫೋನಿನಲ್ಲಿ ಕೇಳಿದರೂ ಆ ಜಾಗ ಹತ್ತಿರವಾದಂತೆ ನನ್ನ ಕಿವಿ ಆ ಟಕ್ ಸದ್ದಿಗೆ ಕಾಯುತ್ತದೆ.